ನಿಮಗಿದು ಗೊತ್ತೇ? ಒಂದೇ ಹಾಳೆ, ನೂರು ಕೈ

● ಗಣಿತವೆಂದರೆ ಒಂಟಿ ತಪಸ್ಸು ಎಂಬ ನಂಬಿಕೆಗೆ 2009ರಲ್ಲಿ ಪೆಟ್ಟು ಬಿತ್ತು. ಕೇಂಬ್ರಿಜ್‌ನ ಟಿಮ್ ಗವರ್ಸ್ ಒಂದು ಕಠಿಣ ಪ್ರಮೇಯಕ್ಕೆ ಹೊಸ ಸಾಧನೆ ಹುಡುಕುವ ಕೆಲಸವನ್ನು ಅಂತರ್ಜಾಲದಲ್ಲಿ ಎಲ್ಲರೆದುರು ತೆರೆದಿಟ್ಟರು. ಅರ್ಧಂಬರ್ಧ ಯೋಚನೆಗೂ ಅಲ್ಲಿ ಸ್ವಾಗತವಿತ್ತು. ಎರಡು ತಿಂಗಳು ತುಂಬುವ ಮೊದಲೇ ದಾರಿ ಸಿಕ್ಕಿತು. ಪ್ರಬಂಧದ ಲೇಖಕರ ಹೆಸರು ಡಿ.ಎಚ್.ಜೆ. ಪಾಲಿಮ್ಯಾತ್. ಆ ಹೆಸರಿನ ಮನುಷ್ಯ ಯಾರೂ ಇಲ್ಲ, ಅದು ಇಡೀ ಬಳಗದ ಹೆಸರು!

● ಹಾಗಂತ ಗುಂಪೇ ಯಾವಾಗಲೂ ಗೆಲ್ಲುವುದಿಲ್ಲ. 7 ಕೋಟಿಗಿಂತ ಕಡಿಮೆ ಅಂತರದ ಅವಿಭಾಜ್ಯ ಸಂಖ್ಯೆಗಳ ಜೋಡಿಗಳು ಅನಂತವಾಗಿವೆ ಎಂದು 2013ರಲ್ಲಿ ಯಿಟಾಂಗ್ ಜಾಂಗ್ ತೋರಿಸಿದರು. ಪಾಲಿಮ್ಯಾತ್ ಬಳಗ ಆ ಅಂತರವನ್ನು 4,680ಕ್ಕೆ ಎಳೆದು ತಂದಿತು. ಅಷ್ಟರಲ್ಲಿ ಜೇಮ್ಸ್ ಮೇನಾರ್ಡ್ ಬೇರೆಯದೇ ದಾರಿ ಹಿಡಿದು, ಒಬ್ಬರೇ 600 ಮುಟ್ಟಿದರು. ಬಳಗ ಜಾಣತನ ಮಾಡಿತು: ಅವರನ್ನೂ ಸೇರಿಸಿಕೊಂಡು 246ಕ್ಕೆ ಇಳಿಸಿತು.

● 2020ರ ಲಾಕ್‌ಡೌನ್‌ನಲ್ಲಿ ನಾವೆಲ್ಲ ದಿನವೂ ನೋಡುತ್ತಿದ್ದ 'ಕೋವಿಡ್19ಇಂಡಿಯಾ' ಅಂಕಿಅಂಶಗಳ ಹಿಂದೆ ಇದ್ದದ್ದು ಸರ್ಕಾರಿ ಕಚೇರಿಯಲ್ಲ. ಅದು ಸ್ವಯಂಸೇವಕರ ಕೆಲಸ, ಅದರ ಬೆನ್ನೆಲುಬು ಹಂಚಿಕೊಂಡ ಗೂಗಲ್ ಶೀಟ್. ಒಂದೊಂದು ರಾಜ್ಯ ಒಂದೊಂದು ರೀತಿಯ ಬುಲೆಟಿನ್ ಕೊಡುತ್ತಿತ್ತು. ಆರಂಭದ ತಿಂಗಳುಗಳಲ್ಲಿ ಕರ್ನಾಟಕದ ಬುಲೆಟಿನ್‌ನಲ್ಲಂತೂ ಪ್ರತಿ ಸೋಂಕಿತರಿಗೂ ಒಂದು 'ಪಿ' ಸಂಖ್ಯೆ, ಯಾರಿಂದ ಯಾರಿಗೆ ಹರಡಿತು ಎಂಬ ವಿವರ. ಇದನ್ನೆಲ್ಲ ಪಿಡಿಎಫ್‌ನಿಂದ ಬಿಡಿಸಿ ಶೀಟ್‌ಗೆ ತುಂಬಬೇಕಿತ್ತು. ಸಂಬಳವಿಲ್ಲದ ಈ ಗುಮಾಸ್ತಿಕೆ 2021ರ ಅಕ್ಟೋಬರ್ 31ರವರೆಗೆ ನಡೆಯಿತು.

● ಅದೇ 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಸುಮಾರು 16,000 ಕೋವಿಡ್ ಪ್ರಕರಣಗಳನ್ನು ಸಕಾಲಕ್ಕೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಾರಣ? ಹಳೆಯ ಎಕ್ಸೆಲ್ ಫೈಲಿನಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ.

● ಎಕ್ಸೆಲ್‌ನ ಇನ್ನೊಂದು ಕಿತಾಪತಿ: 'ಮಾರ್ಚ್1', 'ಸೆಪ್ಟ್1' ಎಂಬ ಜೀನ್‌ಗಳ ಹೆಸರನ್ನು ಅದು ತಾರೀಖು ಎಂದುಕೊಂಡು ಬದಲಿಸಿಬಿಡುತ್ತಿತ್ತು. ಕೊನೆಗೆ ಸೋತದ್ದು ವಿಜ್ಞಾನಿಗಳೇ. ಆ ಜೀನ್‌ಗಳಿಗೆ ಬೇರೆ ಹೆಸರಿಟ್ಟರು!

● ಸಾಲ ಹೆಚ್ಚಾದ ದೇಶದ ಬೆಳವಣಿಗೆ ಕುಸಿಯುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್ 2010ರಲ್ಲಿ ಬರೆದ ಪ್ರಬಂಧ ದೊಡ್ಡ ದೊಡ್ಡ ಸರ್ಕಾರಗಳ ವಾದಕ್ಕೆ ಆಧಾರವಾಗಿತ್ತು. ಥಾಮಸ್ ಹರ್ಂಡನ್ ಎಂಬ ವಿದ್ಯಾರ್ಥಿ ಅದೇ ಲೆಕ್ಕವನ್ನು ಮತ್ತೆ ಮಾಡಹೊರಟರೆ ಉತ್ತರ ಕೂಡಿಬರಲೇ ಇಲ್ಲ. ಕೇಳಿದಾಗ ಲೇಖಕರು ತಮ್ಮ ಶೀಟನ್ನೇ ಕಳಿಸಿಕೊಟ್ಟರು. ಅದು ಅವರ ದೊಡ್ಡತನ ಎನ್ನಲೇಬೇಕು. ತೆರೆದು ನೋಡಿದರೆ ಸರಾಸರಿ ತೆಗೆಯುವ ಸೂತ್ರ ಐದು ಸಾಲು ಮೊದಲೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಹೊರಗೆ! ಬೇರೆ ತಕರಾರುಗಳೂ ಇದ್ದವು. 2013ರಲ್ಲಿ ಸುದ್ದಿಯಾದದ್ದು ಮಾತ್ರ ಈ ಐದು ಸಾಲು.

● ಗುರುತ್ವದ ಅಲೆ ಸಿಕ್ಕಿದೆ ಎಂದು 2016ರಲ್ಲಿ ಸಾರಿದ ಲೈಗೊ ತಂಡ ಅದರ ದತ್ತಾಂಶದ ಜೊತೆಗೆ ಲೆಕ್ಕ ಮಾಡುವ ಜುಪಿಟರ್ ನೋಟ್‌ಬುಕ್ಕನ್ನೂ ಬಿಡುಗಡೆ ಮಾಡಿತು. ಹಾಸ್ಟೆಲ್ ಕೋಣೆಯಲ್ಲಿ ಕೂತವರೂ ಅದನ್ನು ಓಡಿಸಿ ನೋಡಬಹುದು. ಆ ಸಂಶೋಧನೆಯಲ್ಲಿ ಬೆಂಗಳೂರಿನ ಐಸಿಟಿಎಸ್ ವಿಜ್ಞಾನಿಗಳ ಪಾಲೂ ಇದೆ.

● 2015ರಲ್ಲಿ ಹಿಗ್ಸ್ ಕಣದ ತೂಕದ ಬಗ್ಗೆ ಬಂದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಬರೀ ಅವರ ಹೆಸರು, ವಿಳಾಸ.

● ಗೂಗಲ್ ಶೀಟ್‌ನಲ್ಲಿ ಕೋಶದ ಮೇಲೆ ಬಲಗುಂಡಿ ಒತ್ತಿದರೆ ಅದನ್ನು ಯಾರು, ಯಾವಾಗ ತಿದ್ದಿದರು, ಮೊದಲು ಏನಿತ್ತು ಎಂಬ ಚರಿತ್ರೆ ಸಿಗುತ್ತದೆ. 'ನಾನು ಮುಟ್ಟೇ ಇಲ್ಲ' ಎನ್ನುವ ಸಹೋದ್ಯೋಗಿಗೆ ಇದನ್ನು ಹೇಳಬೇಡಿ.