ಔಟ್‌ಡೋರ್ ಫೋಟೋ: ನೋಡುವುದು ಹೇಗೆ, ತಿದ್ದುವುದು ಎಷ್ಟು?

ನನ್ನ ಖಾಲಾ ಮಗಳು, ನಾನು ಆಪಾ ಎಂದು ಕರೆಯುವವಳು, ಬಿ.ಕಾಂ. ಓದುತ್ತಲೇ ಮನೆಯಲ್ಲಿ ಚೂಡಿದಾರ್ ಹೊಲಿದು ಮಾರುತ್ತಾಳೆ. ಅಂಗಡಿ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಹಾಕುತ್ತಾಳೆ, ನೋಡಿದವರು ಆರ್ಡರ್ ಕೊಡುತ್ತಾರೆ. ಕಳೆದ ಡಿಸೆಂಬರ್‌ನಲ್ಲಿ ಐದು ಹೊಸ ಸೆಟ್‌ಗಳಿಗೆ ಮಾಡೆಲ್ ಬೇಕಾಯಿತು. "ಹೊರಗಿನವರಿಗೆ ದುಡ್ಡು ಯಾಕೆ ಕೊಡೋದು, ನಾನೇ ಹಾಕ್ಕೊಂಡು ನಿಲ್ತೀನಿ, ನೀನು ತೆಗಿ" ಎಂದಳು. ಮೊಬೈಲಿನಲ್ಲಿ ನಾನೇ ತೆಗೆದೆ, ನಾನೇ ತಿದ್ದಿದೆ. ಆ ಫೋಟೋಗಳಿಂದ ಆಪಾಗೆ ನಷ್ಟವಾಯಿತು. ಅದು ಹೇಗಾಯಿತು, ಆಮೇಲೆ ನಾನು ಏನು ಕಲಿತೆ ಎಂದು ಬರೆಯುತ್ತಿದ್ದೇನೆ. ನಮ್ಮ ಕಾಲೇಜಿಗೆ ಫೋನ್ ತರಲು ಬಿಡುವುದು ಬೀಳ್ಕೊಡುಗೆಯ ದಿನ ಮಾತ್ರ. ಆ ದಿನ ಬೇವಿನ ಮರದ ಕೆಳಗೆ ಎಷ್ಟು ಫೋಟೋಗಳು ಹಾಳಾಗುತ್ತವೆ ಎಂದು ನೋಡಿದ್ದೇನೆ. ಹಾಗಾಗಿ ಇದು ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲು ಇಬ್ರಾಹಿಂ ರೋಜಾದಲ್ಲಿ ತೆಗೆಯೋಣ ಎಂದುಕೊಂಡಿದ್ದೆವು. ಆದರೆ ಅದು ಪುರಾತತ್ವ ಇಲಾಖೆಯ ಸ್ಮಾರಕ. ವ್ಯಾಪಾರಕ್ಕಾಗಿ ಶೂಟ್ ಮಾಡಬೇಕಾದರೆ ಅನುಮತಿ ಬೇಕು. ಕೊನೆಗೆ ಅಬ್ಬಾ ಅವರ ಸ್ನೇಹಿತರೊಬ್ಬರ ದ್ರಾಕ್ಷಿ ತೋಟಕ್ಕೆ ಹೋದೆವು, ತಿಕೋಟಾ ಕಡೆ. ತಲುಪಿದಾಗ ಬೆಳಿಗ್ಗೆ ಹನ್ನೊಂದೂವರೆ. ಬಿಸಿಲು ಚುರುಕಾಗಿತ್ತು, ಅದಕ್ಕೇ ಚಪ್ಪರದ ಕೆಳಗೆ ನಿಲ್ಲಿಸಿ ತೆಗೆದೆ. ಮನೆಗೆ ಬಂದು ನೋಡಿದರೆ ಒಂದೂ ಚೆನ್ನಾಗಿಲ್ಲ. ಕುಟುಂಬದ ಗ್ರೂಪಿಗೆ ಹಾಕಿದೆ. "ಕಪ್ಪಗೆ ಕಾಣ್ತಾಳೆ", "ಮೂಗು ದೊಡ್ಡದಾಗಿ ಬಂದಿದೆ", "ದಪ್ಪ ಆಗಿದ್ದಾಳಾ?", "ಜ್ವರ ಬಂದಿತ್ತಾ?" ಎಂದು ಉತ್ತರ ಬಂತು.

ಮೂಗು, ಮೈಕಟ್ಟು ಸರಿಮಾಡಲು ನನಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ಒಂದೇ: ಸ್ನ್ಯಾಪ್‌ಸೀಡ್ ತೆರೆದು ಮುಖ ಬೆಳ್ಳಗೆ ಆಗುವವರೆಗೆ ಬೆರಳು ಎಳೆಯುವುದು. ಅದನ್ನೇ ಮಾಡಿದೆ.

ಈಗ ನಷ್ಟದ ವಿಷಯ. ಎಲೆಗಳ ಕೆಳಗೆ ನಿಂತರೆ ಬೆಳಕು ಎಲೆಗಳ ಮೂಲಕ ಸೋಸಿ ಬರುತ್ತದೆ, ಚರ್ಮದ ಮೇಲೆ ಹಸಿರು ಛಾಯೆ ಬೀಳುತ್ತದೆ. ಆಪಾಳ ಮುಖ ಕಾಯಿಲೆಯವರ ಹಾಗೆ ಕಂಡದ್ದು ಅದಕ್ಕೇ. ನಾನು ವೈಟ್ ಬ್ಯಾಲೆನ್ಸಿನಲ್ಲಿ ಹಸಿರು ಹೋಗುವ ಹಾಗೆ ಟಿಂಟ್ ಅನ್ನು ಗುಲಾಬಿಯ ಕಡೆಗೆ ತಳ್ಳಿದೆ, ಟೆಂಪರೇಚರ್ ಅನ್ನು ಹಳದಿಯ ಕಡೆಗೆ ಎಳೆದೆ, ಮೇಲೆ ಬ್ರೈಟ್‌ನೆಸ್ ಏರಿಸಿದೆ. ಮುಖ ಬೆಳ್ಳಗಾಯಿತು. ಆದರೆ ಈ ಬದಲಾವಣೆ ಮುಖಕ್ಕೆ ಮಾತ್ರ ಆಗುವುದಿಲ್ಲ, ಇಡೀ ಫೋಟೋಗೆ ಆಗುತ್ತದೆ. ಆಪಾ ಹಾಕಿದ್ದ ಬಾಟಲ್ ಗ್ರೀನ್ ಸೆಟ್ ಫೋಟೋದಲ್ಲಿ ಮೆಹೆಂದಿ ಗ್ರೀನ್ ಆಗಿಬಿಟ್ಟಿತು. ನಾನು ಗಮನಿಸಲಿಲ್ಲ. ನನ್ನ ಕಣ್ಣು ಮುಖದ ಮೇಲೇ ಇತ್ತು.

ಆ ಸೆಟ್‌ಗೆ ಮೂರು ಆರ್ಡರ್ ಬಂತು, ಬೆಲೆ 1,450 ರೂಪಾಯಿ. ಎರಡು ವಾಪಸ್ ಬಂದವು, ಒಂದು ಬಾಗಲಕೋಟೆಯಿಂದ, ಒಂದು ಜಮಖಂಡಿಯಿಂದ. ಇಬ್ಬರದೂ ಒಂದೇ ಮಾತು: "ನಾವು ಕೇಳಿದ್ದು ಈ ಬಣ್ಣ ಅಲ್ಲ." ಹೋಗಿ ಬರುವ ಕೊರಿಯರ್ 320 ರೂಪಾಯಿ ಆಪಾ ಕೈಯಿಂದ ಹೋಯಿತು. ಒಂದು ಸೆಟ್ಟನ್ನು ಪಕ್ಕದ ಮನೆಯವರು ಪೂರ್ತಿ ಬೆಲೆಗೆ ತೆಗೆದುಕೊಂಡರು. ಇನ್ನೊಂದು ಅಳತೆ ಕೊಟ್ಟು ಹೊಲಿಸಿದ್ದು, 900ಕ್ಕೆ ಹೋಯಿತು. ಒಟ್ಟು 870 ರೂಪಾಯಿ. ಆಪಾ ತನ್ನ ಪುಸ್ತಕದಲ್ಲಿ ಅದನ್ನು ಸೇಲ್ಸ್ ರಿಟರ್ನ್ ಎಂದು ಬರೆಯಲಿಲ್ಲ, "ಫೋಟೋ ಖರ್ಚು" ಎಂದು ಬರೆದಳು. ಅದನ್ನು ನನಗೆ ತೋರಿಸಿದಳು ಕೂಡ.

ದುಡ್ಡಿನ ಬಗ್ಗೆ ಆಪಾ ಬೈಯಲಿಲ್ಲ. ಅವಳು ಕೇಳಿದ್ದೇ ಬೇರೆ. "ಬಟ್ಟೆ ಬಣ್ಣ ಗೊತ್ತಾಗದೆ ಬದಲಾಯಿತು ಅಂತೀಯ. ನನ್ನ ಬಣ್ಣ ಗೊತ್ತಿದ್ದೇ ಬದಲಾಯಿಸಿದೆ. ನಾನು ಕೇಳಿದ್ನಾ?" ತುಟಿಯ ಕೆಳಗಿನ ಮಚ್ಚೆಯನ್ನೂ ನಾನು ಅಳಿಸಿದ್ದೆ. ನನ್ನ ಬಳಿ ಉತ್ತರ ಇರಲಿಲ್ಲ.

ಮಾಮು ವಿಜಯಪುರದಲ್ಲಿ ಸ್ಟುಡಿಯೋ ಇಟ್ಟಿದ್ದಾರೆ. ಅವರ ಹತ್ತಿರ ಮೂಲ ಫೋಟೋಗಳನ್ನು ತೆಗೆದುಕೊಂಡು ಹೋದೆ. ಅವರು ಫೋಟೋವನ್ನು ದೊಡ್ಡದು ಮಾಡಲಿಲ್ಲ, ಕಂಪ್ಯೂಟರಿನಲ್ಲಿ ಅಂಚೆ ಚೀಟಿಯಷ್ಟು ಚಿಕ್ಕದು ಮಾಡಿದರು. "ಬೇಟಾ, ಮೊದಲು ಏನು ಕಾಣ್ತು?" "ಆಪಾ." "ಸರಿಯಾಗಿ ನೋಡು. ಮೊದಲು ಕಾಣೋದು ಕಂಬ." ನಿಜ. ಚಪ್ಪರದ ಕಂಬ ಆಪಾಳ ತಲೆಯಿಂದಲೇ ಎದ್ದು ನಿಂತ ಹಾಗಿತ್ತು. ತೆಗೆಯುವಾಗ ನನಗೆ ಕಂಡೇ ಇರಲಿಲ್ಲ.

ಆಮೇಲೆ ಗ್ರೂಪಿನಲ್ಲಿ ಬಂದ ಮಾತುಗಳನ್ನು ಒಂದೊಂದಾಗಿ ಓದಲು ಹೇಳಿದರು. ಪ್ರತಿಯೊಂದಕ್ಕೂ ಅವರ ಉತ್ತರ ಬೇರೆ ಇತ್ತು, ಯಾವುದೂ ಆಪಾಳ ಬಗ್ಗೆ ಇರಲಿಲ್ಲ.

"ಕಪ್ಪಗೆ ಕಾಣ್ತಾಳೆ." ಹಿಂದೆ ಚಪ್ಪರದ ಆಚೆ ಬಿಸಿಲು ಬಿದ್ದ ಬಯಲು ಇದೆ. ಫೋನ್ ಆ ಬಯಲಿನ ಲೆಕ್ಕ ಹಿಡಿದು ಬೆಳಕು ಕಡಿಮೆ ಮಾಡಿದೆ, ಮುಖ ಕತ್ತಲಾಗಿದೆ. ಮುಖದ ಮೇಲೆ ಬೆರಳಿಟ್ಟು ಆಮೇಲೆ ತೆಗೆಯಬೇಕಿತ್ತು, ಅಥವಾ ಹಿಂದೆ ನೆರಳಿರುವ ಜಾಗ ಹುಡುಕಬೇಕಿತ್ತು.

"ಜ್ವರ ಬಂದಿತ್ತಾ?" ಹಸಿರು ಛಾಯೆ ಒಂದು ಕಾರಣ. ಇನ್ನೊಂದು, ನಡುಹಗಲಿನ ಬೆಳಕು ತಲೆಯ ಮೇಲಿಂದ ಬೀಳುತ್ತದೆ. ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳುತ್ತದೆ, ಕಣ್ಣಿನಲ್ಲಿ ಮಿಂಚು ಇರುವುದಿಲ್ಲ. ಸಂಜೆ ತೆಗೆಯಬೇಕು. ಆಗದಿದ್ದರೆ ಗೋಡೆಯ ನೆರಳಿನಲ್ಲಿ, ಬಯಲಿನ ಕಡೆಗೆ ಮುಖ ಮಾಡಿ ನಿಲ್ಲಿಸಬೇಕು. ಎದೆಯ ಮಟ್ಟದಲ್ಲಿ ಒಂದು ಬಿಳಿ ಥರ್ಮಾಕೋಲ್ ಶೀಟ್ ಹಿಡಿದರೆ ಕಣ್ಣಿಗೆ ಬೆಳಕು ಬರುತ್ತದೆ.

"ದಪ್ಪ ಆಗಿದ್ದಾಳಾ?" ಭುಜ ಎರಡೂ ಕ್ಯಾಮೆರಾಗೆ ನೇರವಾಗಿವೆ, ತೋಳು ಮೈಗೆ ಒತ್ತಿಕೊಂಡಿದೆ. ಸ್ವಲ್ಪ ಓರೆಯಾಗಿ ನಿಂತರೆ ಸಾಕು.

ಮೂಗಿನದು ನನಗೆ ಬಹಳ ಇಷ್ಟವಾದ ಲೆಕ್ಕ, ಕಾಮರ್ಸ್‌ನವರಿಗೆ ಸುಲಭ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಫೋನನ್ನು ಮೂಗಿನಿಂದ 60 ಸೆಂಟಿಮೀಟರ್ ದೂರ ಹಿಡಿದರೆ ಆ 12 ಎಂದರೆ ಐದನೇ ಒಂದು ಭಾಗ. ಮೂಗು ಅಷ್ಟು ಹತ್ತಿರ ಇರುವುದರಿಂದ ಕಿವಿಗಿಂತ ದೊಡ್ಡದಾಗಿ ಮೂಡುತ್ತದೆ. 240 ಸೆಂಟಿಮೀಟರ್ ಹಿಂದೆ ಸರಿದರೆ ಅದೇ 12 ಇಪ್ಪತ್ತನೇ ಒಂದು ಭಾಗ, ವ್ಯತ್ಯಾಸ ಕಾಣುವುದೇ ಇಲ್ಲ. ಹಿಂದೆ ಸರಿದು 2ಎಕ್ಸ್ ಒತ್ತಿ ತೆಗೆಯಿರಿ. ಲೆನ್ಸ್ ದುಬಾರಿಯದೇ ಆಗಬೇಕಿಲ್ಲ, ಹಿಂದೆ ಸರಿಯಲು ಜಾಗ ಇದ್ದರೆ ಆಯಿತು.

ತಿದ್ದುವುದನ್ನು ಅವರು ಕಲಿಸಿದ್ದು ಇದಾದ ಮೇಲೆ. ನಾನಾ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ತಿದ್ದುತ್ತಿದ್ದರಂತೆ. ನೆಗೆಟಿವ್‌ನಲ್ಲಿ ಪೆನ್ಸಿಲ್ ಆಡಿಸಿದ ಜಾಗ ಪ್ರಿಂಟಿನಲ್ಲಿ ತಿಳಿಯಾಗುತ್ತದೆ, ಕಣ್ಣಿನ ಕೆಳಗಿನ ಗೆರೆ ಮೆತ್ತಗಾಗುತ್ತದೆ. ಈಗ ಆ ಪೆನ್ಸಿಲ್ ಕೆಲಸವನ್ನು ಫೋನಿನಲ್ಲಿ 'ಸೆಲೆಕ್ಟಿವ್' ಮಾಡುತ್ತದೆ. ಕಣ್ಣಿನ ಗುಳಿಯ ಮೇಲೆ ಒಂದು ಚುಕ್ಕೆ ಇಟ್ಟು, ಎರಡು ಬೆರಳಿನಿಂದ ವೃತ್ತ ಚಿಕ್ಕದು ಮಾಡಿ, ಅಷ್ಟಕ್ಕೇ ಸ್ವಲ್ಪ ಬೆಳಕು ಕೊಡಬಹುದು. ಬಟ್ಟೆಗೆ ತಾಗುವುದಿಲ್ಲ. 'ಹೀಲಿಂಗ್' ಪಕ್ಕದ ಚರ್ಮದ ಬಣ್ಣ ತಂದು ಕಲೆಯ ಮೇಲೆ ತುಂಬುತ್ತದೆ. ಎಲ್ಲಿ ಬಳಸಬೇಕು ಎಂದು ಕೇಳಿದೆ. "ಹದಿನೈದು ದಿನದಲ್ಲಿ ತಾನಾಗೇ ಹೋಗೋದನ್ನ ತೆಗಿ. ಮೊಡವೆ, ಸೊಳ್ಳೆ ಕಚ್ಚಿದ್ದು, ಗಾಳಿಗೆ ಹಾರಿದ ಕೂದಲು. ಮಚ್ಚೆ ಹದಿನೈದು ದಿನದಲ್ಲಿ ಹೋಗುತ್ತಾ?"

ಬಟ್ಟೆಯ ಬಣ್ಣಕ್ಕೆ ಉಪಾಯ ಇನ್ನೂ ಸರಳ. ಅದೇ ಜಾಗದಲ್ಲಿ ಮಾಡೆಲ್ ಕೈಗೆ ಒಂದು ಬಿಳಿ ಕಾಗದ ಕೊಟ್ಟು ಒಂದು ಫೋಟೋ ತೆಗೆಯಿರಿ. ಆಮೇಲೆ ಕಾಗದ ಬಿಳಿಯಾಗಿ ಕಾಣುವವರೆಗೆ ಮಾತ್ರ ವೈಟ್ ಬ್ಯಾಲೆನ್ಸ್ ಬದಲಾಯಿಸಿ. ಕೊನೆಗೆ ನಿಜವಾದ ಬಟ್ಟೆಯನ್ನು ಹಗಲು ಬೆಳಕಿನಲ್ಲಿ ಪರದೆಯ ಪಕ್ಕ ಇಟ್ಟು ನೋಡಿ.

ಸರಕನ್ನು ಸುಳ್ಳಾಗಿ ತೋರಿಸುವ ಜಾಹೀರಾತು ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ 'ದಾರಿ ತಪ್ಪಿಸುವ ಜಾಹೀರಾತು' ಎಂದು ಬರುತ್ತದೆ. ಆದರೆ ಅದು ಬಟ್ಟೆಯ ಮಾತು. ಮಾಡೆಲ್‌ನ ಮುಖದ ಮಾತೇನು? ನಾರ್ವೆ ದೇಶದಲ್ಲಿ 2022ರ ಜುಲೈನಿಂದ, ಜಾಹೀರಾತಿನಲ್ಲಿ ಮೈಕಟ್ಟು ಅಥವಾ ಚರ್ಮವನ್ನು ತಿದ್ದಿದ್ದರೆ ಹಾಗೆಂದು ಫೋಟೋದ ಮೇಲೆ ಗುರುತು ಹಾಕಲೇಬೇಕು. ಫ್ರಾನ್ಸ್‌ನಲ್ಲಿ ಮಾಡೆಲ್‌ಗಳ ಮೈಕಟ್ಟು ತಿದ್ದಿದರೆ ಬರೆಯಬೇಕು ಎಂಬ ನಿಯಮ 2017ರ ಅಕ್ಟೋಬರ್‌ನಿಂದ ಇದೆ. ನಮ್ಮ ಕಡೆ ಮದುವೆ ಆಲ್ಬಂಗೆ "ಸ್ವಲ್ಪ ಗೋರಿ ಮಾಡಿ" ಎಂದು ಹುಡುಗಿಯ ಮನೆಯವರೇ ಹೇಳಿ ಹೋಗುತ್ತಾರೆ. ಮಾಮು ಮಾಡಿಯೂ ಕೊಡುತ್ತಾರೆ. "ಗಿರಾಕಿ ಕೇಳಿದರೆ ಏನು ಮಾಡಲಿ?" ಎನ್ನುತ್ತಾರೆ. ಗಿರಾಕಿ ಹುಡುಗಿಯೋ ಅವಳ ಮನೆಯವರೋ ಎಂದು ನಾನು ಕೇಳಿದೆ. ಈ ವಿಷಯದಲ್ಲಿ ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ.

ಫೆಬ್ರುವರಿಯ ಒಂದು ಭಾನುವಾರ ಮತ್ತೆ ಅದೇ ತೋಟಕ್ಕೆ ಹೋದೆವು, ಸಂಜೆ ಐದಕ್ಕೆ. ಚಪ್ಪರ ಬಿಟ್ಟು, ಸುಣ್ಣ ಬಳಿದ ಶೆಡ್ಡಿನ ಗೋಡೆಯ ನೆರಳಿನಲ್ಲಿ ಆಪಾಳನ್ನು ನಿಲ್ಲಿಸಿದೆ. ತಮ್ಮ ಥರ್ಮಾಕೋಲ್ ಹಿಡಿದ, ಗಾಳಿಗೆ ಎರಡು ಸಲ ಹಾರಿಸಿಕೊಂಡ. ತಿದ್ದಿದ್ದು ಹಣೆಯ ಮೇಲಿನ ಒಂದು ಮೊಡವೆ, ಕೆನ್ನೆಯ ಮೇಲೆ ಹಾರಿದ್ದ ಕೂದಲು. ಗ್ರೂಪಿಗೆ ಹಾಕುವ ಮೊದಲು ಆಪಾಗೆ ತೋರಿಸಿದೆ. ಐದರಲ್ಲಿ ಎರಡು ಬೇಡ ಎಂದಳು, ಅಳಿಸಿದೆ. ಉಳಿದ ಮೂರನ್ನು ಮಾಮುಗೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು: "ಬೆಳಕು ಚೆನ್ನಾಗಿದೆ. ದುಪಟ್ಟಾ ಅಂಚು ಫ್ರೇಮಿನಿಂದ ಆಚೆ ಹೋಗಿದೆ. ಆ ಅಂಚಿನ ಕಸೂತಿ ನೋಡಿಯೇ ಅಲ್ವಾ ಜನ ತಗೊಳ್ಳೋದು?"