ಮಣ್ಣಿನೊಳಗೆ ಉಪ್ಪಿನ ಪ್ರಯಾಣ

ಜೇಡಿಮಣ್ಣನ್ನು ನೆನೆಸಿ ಬಡಿದು ಗಟ್ಟಿಮಾಡಿದರೆ ಅದರಲ್ಲಿ ನೀರು ಸುಲಭವಾಗಿ ಇಳಿಯದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಕೆರೆಯ ಏರಿಗಳೇ ಇದಕ್ಕೆ ಸಾಕ್ಷಿ. ಬೀದರ ಜಿಲ್ಲೆಯ ಹಳ್ಳಿಖೇಡ (ಬಿ)ಯಂತಹ ಊರಿನಲ್ಲಿ, ಎರೆನೆಲದಲ್ಲಿ ಶೌಚದ ಗುಂಡಿಯನ್ನು ತೋಡಿಸುವ ಗೃಹಸ್ಥನು, "ಸುತ್ತಲೂ ಎರೆಮಣ್ಣೇ ಇದೆ, ಹಿತ್ತಲ ಬಾವಿಗೆ ಭಯವೇನು?" ಎಂದುಕೊಳ್ಳುವುದು ಸಹಜವೇ. ಆದರೆ ನೀರು ನಿಂತ ಮಾತ್ರಕ್ಕೆ ಅದರಲ್ಲಿ ಕರಗಿದ ಪದಾರ್ಥವೂ ನಿಲ್ಲುವುದೇ? ಇಲ್ಲಿ ವಿಚಾರಿಸತಕ್ಕ ಸಂಗತಿ ಇದೇ.

ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುದಂಶವುಳ್ಳ ಕಣಗಳಾಗಿ ಬೇರ್ಪಡುವುದು. ಇವಕ್ಕೆ ಅಯಾನುಗಳೆಂದು ಹೆಸರು. 1834ರಲ್ಲಿ ಆಂಗ್ಲ ವಿಜ್ಞಾನಿ ಫ್ಯಾರಡೆಯು ಬಳಕೆಗೆ ತಂದ ಈ ಶಬ್ದಕ್ಕೆ ಗ್ರೀಕ್ ಭಾಷೆಯಲ್ಲಿ 'ಹೋಗುವಂಥದು' ಎಂದರ್ಥ. ಸಂಸ್ಕೃತದ 'ಏತಿ' ಎಂಬ ಕ್ರಿಯಾಪದವೂ ಅದೇ ಮೂಲದಿಂದ ಬಂದುದು. ಹೆಸರು ಅನ್ವರ್ಥವಾಗಿದೆ. ನಿಂತ ನೀರಿನಲ್ಲಿಯೂ ಈ ಕಣಗಳು ಸುಮ್ಮನಿರವು. ಸಾಂದ್ರತೆ ಹೆಚ್ಚಿದ್ದೆಡೆಯಿಂದ ಕಡಮೆಯಿದ್ದೆಡೆಗೆ ತಾವಾಗಿ ಹರಡುವುವು. ಇದಕ್ಕೆ ವಿಸರಣವೆನ್ನುವರು. ಇದರ ನಿಯಮವನ್ನು ಜರ್ಮನಿಯ ಅಡಾಲ್ಫ್ ಫಿಕ್ 1855ರಲ್ಲಿ ನಿರೂಪಿಸಿದನು.

ಬಡಿದ ಮಣ್ಣಿನಲ್ಲಿಯೂ ಅತಿ ಸೂಕ್ಷ್ಮವಾದ ರಂಧ್ರಗಳಿದ್ದು, ಅವುಗಳಲ್ಲಿ ನೀರು ತುಂಬಿರುವುದು. ನೀರು ಅಲುಗದಿದ್ದರೂ ಅಯಾನುಗಳು ಆ ವಕ್ರಮಾರ್ಗಗಳಲ್ಲಿ ನುಸುಳುವುವು. ನಿಶ್ಚಲವಾದ ನೀರಿನಲ್ಲಿ 10 ಸೆಂಟಿಮೀಟರು ಹರಡಲು ಕ್ಲೋರೈಡಿಗೆ ಸುಮಾರು ಒಂದು ತಿಂಗಳು ಹಿಡಿದರೆ, ಗಟ್ಟಿ ಜೇಡಿಯಲ್ಲಿ ಅಷ್ಟೇ ದೂರಕ್ಕೆ ಒಂದೆರಡು ವರ್ಷಗಳಾಗಬಹುದು. ದೂರವು ಇಮ್ಮಡಿಯಾದರೆ ಕಾಲವು ನಾಲ್ಮಡಿಯಾಗುವುದೆಂಬುದು ಇದರಲ್ಲಿನ ವಿಶೇಷ. ಆದ್ದರಿಂದ ಒಂದು ಮೀಟರು ದಪ್ಪದ ಗೋಡೆಯನ್ನು ದಾಟಲು ನೂರು ವರ್ಷಗಳಿಗೂ ಮಿಗಿಲಾದ ಕಾಲ ಬೇಕು. ಫಿನ್ಲೆಂಡಿನ ಒಂಕಾಲೊ ಎಂಬಲ್ಲಿ, ಪರಮಾಣು ಸ್ಥಾವರಗಳ ಉರಿದ ಇಂಧನವನ್ನು ನೆಲದಡಿ 400 ಮೀಟರಿಗೂ ಆಳದಲ್ಲಿ ತಾಮ್ರದ ಪೆಟ್ಟಿಗೆಗಳಲ್ಲಿಟ್ಟು, ಸುತ್ತಲೂ ಬೆಂಟೊನೈಟೆಂಬ ಜೇಡಿಯನ್ನು ತುಂಬುವ ಏರ್ಪಾಡು ಆಗಿರುವುದು ಈ ನಿಧಾನಗತಿಯನ್ನು ನಂಬಿಯೇ. ಆ ಜೇಡಿಯೂ ನಮ್ಮ ಎರೆಮಣ್ಣೂ ಒಂದೇ ಕುಲದವು!

ಎಲ್ಲ ಅಯಾನುಗಳಿಗೂ ಈ ದಾರಿಯು ಒಂದೇ ಬಗೆಯಾಗಿಲ್ಲ. ಜೇಡಿಯ ಕಣಗಳ ಮೈಮೇಲೆ ಋಣವಿದ್ಯುತ್ತಿರುವುದರಿಂದ ಧನವಿದ್ಯುತ್ತುಳ್ಳವು ಅಲ್ಲಿ ಅಂಟಿಕೊಂಡು ತಡೆದು ನಿಲ್ಲುವುವು. ಇಂಗ್ಲೆಂಡಿನ ವೇ ಎಂಬ ರಸಾಯನಜ್ಞನು 1850ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಮೋನಿಯದ ಲವಣವನ್ನು ಕರಗಿಸಿ ಮಣ್ಣಿನ ಮೇಲೆ ಸುರಿದಾಗ ಅಮೋನಿಯವು ಮಣ್ಣಿನಲ್ಲಿಯೇ ಉಳಿದು, ಅದಕ್ಕೆ ಬದಲಾಗಿ ಸುಣ್ಣದ ಅಂಶವು ಕೆಳಗೆ ಇಳಿದುಬಂದಿತು. ರೈತನ ಗೊಬ್ಬರವನ್ನು ಕಾಯುವ ಗುಣವಿದು. ಆದರೆ ನೈಟ್ರೇಟು ಋಣವಿದ್ಯುತ್ತುಳ್ಳದ್ದು. ಅದಕ್ಕೆ ಮಣ್ಣು ಆಸರೆ ಕೊಡದು, ಹಿಡಿದೂ ಇಡದು. ಶೌಚಗುಂಡಿಯ ಅಮೋನಿಯವು ಗಾಳಿಯ ಸಂಪರ್ಕದಲ್ಲಿ ಸೂಕ್ಷ್ಮಜೀವಿಗಳಿಂದ ನೈಟ್ರೇಟಾಗಿ ಮಾರ್ಪಟ್ಟಿತೆಂದರೆ ಅದರ ಪ್ರಯಾಣಕ್ಕೆ ಮೊದಲಾಯಿತು.

ಹಾಗಿದ್ದರೂ ನೂರು ವರ್ಷವಿದೆಯಲ್ಲ, ಎಂದು ವಾಚಕರು ಸಮಾಧಾನ ತಾಳಬಾರದು. ಆ ಲೆಕ್ಕವು ಸದಾ ಹಸಿಯಾಗಿ ಬಿಗಿದಿರುವ ಜೇಡಿಗೆ ಮಾತ್ರ ಸಲ್ಲುವುದು. ವೈಶಾಖದಲ್ಲಿ ನಮ್ಮ ಎರೆಹೊಲವು ಕೈ ತೂರುವಷ್ಟು ಬಿರಿಯುವುದನ್ನು ಯಾರು ಕಂಡಿಲ್ಲ? ಮೊದಲ ಮಳೆಯ ನೀರು ಆ ಬಿರುಕಿನಲ್ಲಿ ನೇರವಾಗಿ ಇಳಿಯುವುದು. ವರ್ಷಗಳ ದಾರಿಯು ಗಳಿಗೆಗಳಲ್ಲಿ ಸವೆಯುವುದು. ಬೀದರದ ಕಡೆಯ ಕೆಂಪು ಜಂಬಿಟ್ಟಿಗೆ ನೆಲದ ಮಾತಂತೂ ಬೇರೆಯೇ. ಅದು ನೀರನ್ನೇ ಹರಿಯಗೊಡುವುದು. ಬಹಮನಿ ಕಾಲದ ಕರೇಜ್ ಸುರಂಗಗಳಿಗೆ ನೀರು ಜಿನುಗಿ ಬರುತ್ತಿದ್ದುದೂ ಅಂತಹ ನೆಲದಿಂದಲೇ.

ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಮಿಗೆ ಮೀರಿ ನೈಟ್ರೇಟು ಇರಬಾರದೆಂದು ಭಾರತೀಯ ಮಾನಕವು ವಿಧಿಸಿದೆ. ಅದು ಬಹಳವಾದರೆ ಹಸುಗೂಸುಗಳ ರಕ್ತವು ಪ್ರಾಣವಾಯುವನ್ನು ಒಯ್ಯಲಾರದೆ ಮೈ ನೀಲಿಗಟ್ಟುವುದು. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ರೋಗಾಣುಗಳು ಸಾಯುವುವು ನಿಜ. ನೈಟ್ರೇಟು ಮಾತ್ರ ಹೋಗದು, ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಅದರ ಪ್ರಮಾಣ ಏರುವುದು. ಕೂಸಿಗೆ ಹಾಲಿನ ಪುಡಿ ಕಲಸಲು ಬಾವಿಯ ನೀರನ್ನು ಬಳಸುವ ಮನೆಯವರು ಮಳೆಗಾಲ ಕಳೆದೊಡನೆ ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಿ ನೈಟ್ರೇಟಿನ ಲೆಕ್ಕವನ್ನು ತೆಗೆಸಿಕೊಳ್ಳತಕ್ಕದ್ದು.