ಕಾಣದ ಕೆಂಪು ಚುಕ್ಕಿ

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಸಾಫ್ಟ್‌ವೇರ್ ಬಿಲ್ಡ್ ಮಾಡಲು ಕಮಾಂಡ್ ಕೊಟ್ಟರೆ ಸಾಕು, ಕಪ್ಪು ಪರದೆಯ ಮೇಲೆ ಸಾವಿರಾರು ಬಿಳಿ ಸಾಲುಗಳು ಸರಸರನೆ ಓಡುತ್ತಿದ್ದವು. ಅದರಲ್ಲಿ ಎರರ್ ಹುಡುಕುವುದೆಂದರೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

‘ಬಣ್ಣ ಹಚ್ಚಬಾರದೇನಪ್ಪಾ?’ ಎಂದರು ಸೀನಿಯರ್ ಒಬ್ಬರು. ಗುಟ್ಟು ಸರಳ. ಅಕ್ಷರಗಳಿಗೆ ಮುಂಚೆ ಒಂದು ಎಸ್ಕೇಪ್ ಕೋಡ್ ಕಳಿಸಬೇಕು. ಅದರಲ್ಲಿ 31 ಇದ್ದರೆ ಕೆಂಪು, 32 ಹಸಿರು, 33 ಹಳದಿ. 0 ಕಳಿಸಿದರೆ ಮತ್ತೆ ಮೊದಲಿನಂತೆ. ಒಂದೇ ಸಂಜೆಯಲ್ಲಿ ನಮ್ಮ ಬಿಲ್ಡ್ ಸ್ಕ್ರಿಪ್ಟ್‌ಗೆ ಹೋಳಿ ಆಡಿಸಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಬಣ್ಣವೇ ಇರುವಾಗ ಮಾತೇಕೆ ಎಂದು ‘ಪಾಸ್’, ‘ಫೇಲ್’ ಎಂಬ ಪದಗಳನ್ನೂ ಅಳಿಸಿ ಬರೀ ಚುಕ್ಕಿ ಇಟ್ಟೆ. ಹಸಿರು ಚುಕ್ಕಿ ಅಂದರೆ ಪಾಸ್, ಕೆಂಪು ಅಂದರೆ ಫೇಲ್. ಎಲ್ಲರೂ ಬೆನ್ನು ತಟ್ಟಿದರು.

ಎರಡೇ ವಾರ. ಪಕ್ಕದ ಸೀಟಿನ ಗೆಳೆಯ ಫೇಲಾದ ಬಿಲ್ಡನ್ನೇ ಗ್ರಾಹಕರಿಗೆ ಕಳಿಸಿಬಿಟ್ಟ. ‘ಅಷ್ಟು ದೊಡ್ಡ ಕೆಂಪು ಚುಕ್ಕಿ ಕಾಣ್ಲಿಲ್ವೇನೋ?’ ಎಂದು ಎಲ್ಲರೆದುರೇ ರೇಗಿದೆ. ಅವನು ತುಟಿ ಬಿಚ್ಚಲಿಲ್ಲ.

ಸಂಜೆ ಟೀ ಅಂಗಡಿಯಲ್ಲಿ ಲೋಟ ನೋಡುತ್ತಾ ಹೇಳಿದ: ‘ನಂಗೆ ಆ ಎರಡೂ ಚುಕ್ಕಿ ಒಂದೇ ಥರ ಕಾಣುತ್ತೆ ಕಣೋ. ಸ್ಕೂಲಲ್ಲಿ ಎಲೆಗೆ ಕಂದು ಬಣ್ಣ ಬಳಿದು ನಗೆಪಾಟಲಾದ ಮೇಲೆ ಯಾರಿಗೂ ಹೇಳಿಲ್ಲ. ಸಿಗ್ನಲ್‌ನಲ್ಲಾದ್ರೆ ಕೆಂಪು ಮೇಲೆ, ಹಸಿರು ಕೆಳಗೆ. ಜಾಗ ನೋಡಿ ಬೈಕ್ ನಿಲ್ಲಿಸ್ತೀನಿ. ನಿನ್ನ ಚುಕ್ಕಿಗೆ ಜಾಗ ಎಲ್ಲಿದೆ?’

ಟೀ ಗಂಟಲಲ್ಲಿ ಇಳಿಯಲಿಲ್ಲ. ಕೆಂಪು–ಹಸಿರು ವರ್ಣಾಂಧತೆ ಗಂಡಸರಲ್ಲೇ ಹೆಚ್ಚು ಎಂದು ಪಿಯುಸಿ ಜೀವಶಾಸ್ತ್ರದಲ್ಲಿ ಓದಿ ಅಂಕ ಗಳಿಸಿದ್ದವನು ನಾನು. ದಿನವೂ ಬಳಸುವ ಜಿಸಿಸಿ ಕಂಪೈಲರ್‌ನತ್ತಲೂ ಸರಿಯಾಗಿ ಕಣ್ಣು ಹಾಯಿಸಿರಲಿಲ್ಲ. 2014ರ 4.9 ಆವೃತ್ತಿಯಲ್ಲಿ ಅದಕ್ಕೆ ಬಣ್ಣ ಬಂದರೂ ‘ಎರರ್’, ‘ವಾರ್ನಿಂಗ್’ ಎಂಬ ಪದಗಳನ್ನು ಅದು ಕೈಬಿಟ್ಟಿಲ್ಲ. ಅಲ್ಲಿ ಬಣ್ಣ ಇರುವುದು ಪದಕ್ಕೆ ಜೊತೆಯಾಗಿ, ಬದಲಿಗಲ್ಲ.

ಆ ರಾತ್ರಿಯೇ ‘ಪಾಸ್’, ‘ಫೇಲ್’ ವಾಪಸ್ ತಂದೆ. ಮರುದಿನ ಎಲ್ಲರೆದುರು, ‘ತಪ್ಪು ಅವನದಲ್ಲ, ನನ್ನ ಸ್ಕ್ರಿಪ್ಟ್‌ನದು’ ಎಂದೆ. ಯಾಕೆಂದು ಹೇಳಲಿಲ್ಲ; ಆ ಮಾತು ಹೇಳಬೇಕಾದವನು ಅವನು. ತಿಂಗಳ ನಂತರ ಅವನೇ ನಗುತ್ತಾ ಹೇಳಿಕೊಂಡ. ಇದನ್ನು ಬರೆಯಲು ಒಪ್ಪಿಗೆ ಕೊಟ್ಟವನೂ ಅವನೇ.

ಈಗ ಬಿಲ್ಡ್ ಕೆಟ್ಟರೆ ಮೊದಲು ಕೂಗುವುದು ಪಕ್ಕದ ಸೀಟು: ‘ಫೇಲ್ ಅಂತ ಬಂದಿದೆ, ಕಾಣ್ಲಿಲ್ವೇನೋ?’